ಗಾಳಿನುಂಗನ ಮೂರು ಮಾತು

ಬೆಟ್ಟಗುಡ್ಡಗಳೆಲ್ಲ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಗಾಳಿನುಂಗ ಅಂತ ಒಬ್ಬ ರಾಕ್ಷಸನಿದ್ದನಂತೆ. ಹಸಿವಾದರೆ ಅನ್ನ ಬೇಡ, ನೀರು ಬೇಡ, ಬೀಸುವ ಗಾಳಿಯನ್ನೇ ಬಾಯಿ ತೆರೆದು ನುಂಗುವನು. ಅವನು ನುಂಗಿ ನುಂಗಿ ಊರಲ್ಲಿ ಎಲೆ ಅಲ್ಲಾಡುವುದು ನಿಂತಿತು, ಕಣದಲ್ಲಿ ರಾಗಿ ತೂರುವುದು ನಿಂತಿತು, ಒಲೆ ಹತ್ತುವುದು ನಿಂತಿತು. ಕೊನೆಗೆ ಒಬ್ಬ ನೂಲುವ ಮುದುಕಿ, ಅವನು ಮಲಗಿದ್ದಾಗ ಕಾಲಿಗೆ ಎಳೆ ಸುತ್ತಿ, ದರದರ ಎಳೆದು ತಂದು ತನ್ನ ಮನೆಯ ಮೂಲೆಯಲ್ಲಿ ಕೂರಿಸಿದಳಂತೆ. ಎಚ್ಚರವಾದ ರಾಕ್ಷಸ ಕೈಮುಗಿದ.

"ಅವ್ವಾ, ನಿನ್ನ ಮನೆ ಚಾಕರಿ ಮಾಡ್ಕೊಂಡು ಬಿದ್ದಿರ್ತೀನಿ. ಊದು ಅಂದ್ರೆ ಊದ್ತೀನಿ, ನಿಲ್ಲು ಅಂದ್ರೆ ನಿಲ್ತೀನಿ. ಆದ್ರೆ ಮೂರು ಮಾತು ನಡೆಸಿಕೊಡಬೇಕು. ನನ್ನ ಬಾಯಿ ಕಟ್ಟಬಾರ್ದು. ದಿನಾ ಸಂಜೆ ನನ್ನ ಅಳೋಕೆ ಬಿಡಬೇಕು. ನನ್ನ ಉಸಿರನ್ನ ಜೀವ ಇರೋದರ ಮೇಲೆ ಬಿಡಬಾರ್ದು."

ಮುದುಕಿ ಆಗಲಿ ಅಂದಳು, ಹಾಗೇ ನಡೆದುಕೊಂಡಳು. ಆದರೆ ಮುದುಕಿಗೊಬ್ಬ ಸೊಸೆ ಇದ್ದಳು.

ಕಥೆ ಇಲ್ಲಿಗೆ ಬಂದಾಗ ಅಂಜನಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸುವರು. "ಸೊಸೆ ಏನ್ ಮಾಡಿದ್ಲು ಅಜ್ಜಿ?" ಎಂದು ಮೊಮ್ಮಗಳು ಮೇಘನ ಕೇಳುವಳು. ಉತ್ತರ ದಿನಕ್ಕೊಂದು. ಸಾರಿಗೆ ಉಪ್ಪು ಹೆಚ್ಚಾದ ದಿನ, ಕಥೆಯ ಸೊಸೆ ರಾಕ್ಷಸನ ಬಾಯಿಗೆ ಉಪ್ಪು ಸುರಿದು ಕೆಣಕಿರುತ್ತಿದ್ದಳು. ಬಟ್ಟೆ ಒಗೆಯುವುದು ತಡವಾದ ದಿನ, ರಾಕ್ಷಸನ ಮೇಲೆ ಒದ್ದೆ ಬಟ್ಟೆ ಹರವಿರುತ್ತಿದ್ದಳು. ಅಡುಗೆಮನೆಯಿಂದಲೇ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ ಸೊಸೆ ಅರುಣಾ, "ಕಥೇಲಾದ್ರೂ ಮಗಳು ತಪ್ಪು ಮಾಡಬಾರದಾ ಅತ್ತೆ? ಅಲ್ಲೂ ಸೊಸೇನೇ ಬೇಕಾ?" ಎನ್ನುವಳು. ಅಂಜನಮ್ಮ ಗಂಭೀರವಾಗಿ, "ರಾಕ್ಷಸ ನಮ್ಮ ಮನೆ ಮೂಲೇಲಿ ಇದ್ದಾನೆ. ಸೊಸೇನ ಪಕ್ಕದ ಮನೆಯಿಂದ ತರೋಕಾಗುತ್ತಾ?" ಎನ್ನುವರು.

ರಾಕ್ಷಸ ನಿಜಕ್ಕೂ ಮನೆಯ ಮೂಲೆಯಲ್ಲಿದ್ದ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಯೆಂದರೆ ಮುಂದೆ ಮಗ್ಗ, ಹಿಂದೆ ಬಾಳು. ಕೋದಂಡರಾಮಯ್ಯನವರ ಮನೆಯ ಮುಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು, ಹಿಂದೆ ಅಡುಗೆಮನೆ ಮತ್ತು ಎರಡು ಕೋಣೆ. ನಡುವಿನ ಓಣಿಯಂಥ ಜಾಗದಲ್ಲಿ ಒಂದು ಗಾಳಿ ಕಂಪ್ರೆಸರ್. ನೀಲಿ ಬಣ್ಣ ಹೋಗಿ ಬೂದಿಯಾದ ಟ್ಯಾಂಕು, ಮೇಲೆ ಮೋಟರು ಮತ್ತು ಬೆಲ್ಟು, ಪಕ್ಕದಲ್ಲಿ ಮುಳ್ಳಿನ ಮೀಟರು. ನೇಯುವಾಗ ಏಳುವ ನೂಲಿನ ಧೂಳು ಮಗ್ಗದ ಸಂದುಗೊಂದಿಗಳಲ್ಲಿ ಹತ್ತಿಯಂತೆ ಕೂರುತ್ತದೆ. ದಿನಕ್ಕೆರಡು ಸಲ ಉದ್ದ ಪೈಪಿನ ತುದಿಯ ಗನ್ ಹಿಡಿದು ಅದನ್ನು ಊದಿ ತೆಗೆಯಬೇಕು.

ಹನ್ನೊಂದು ವರ್ಷದ ಹಿಂದೆ ಅದು ಬಂದ ದಿನ, ಮಗ್ಗದ ಬೀದಿಗಳಿಗೆಲ್ಲ ಮೆಕ್ಯಾನಿಕ್ ಆಗಿದ್ದ ಅಪ್ಪಯ್ಯಣ್ಣ ಸದ್ಯಕ್ಕೆಂದು ಅಲ್ಲಿ ಇಳಿಸಿದ್ದ. ಕೋದಂಡರಾಮಯ್ಯನವರು ಹೆಂಡತಿಗೆ ಮಾತು ಕೊಟ್ಟಿದ್ದರು. "ಹಬ್ಬದೊಳಗೆ ಹಿತ್ತಲಲ್ಲಿ ಶೀಟು ಹಾಕಿಸಿ ಆಚೆ ಇಡ್ತೀನಿ ಕಣೇ." ಯಾವ ಹಬ್ಬ ಎಂದು ಹೇಳಿರಲಿಲ್ಲ. ಮನೆಯಲ್ಲಿ ಆಗದ ಕೆಲಸಕ್ಕೆಲ್ಲ 'ತಾತನ ಹಬ್ಬಕ್ಕೆ' ಎನ್ನುವುದು ಮಾತಾಗಿಹೋಯಿತು. ಅಂಜನಮ್ಮ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಲಾಳಿಯೊಳಗೆ ಹೋಗುವ ಕಂಡಿಕೆಗೆ ನೂಲು ಸುತ್ತುತ್ತ, ಮಧ್ಯಾಹ್ನ ಅಲ್ಲೇ ತೂಕಡಿಸುತ್ತ ಹನ್ನೊಂದು ವರ್ಷ ಕಳೆದರು.

ಈ ವರ್ಷ ಶ್ರಾವಣದ ಎರಡನೆಯ ವಾರ, ಅರುಣಾ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಾಗ ಓಣಿಯಿಂದ ಚರ್ ಎಂದು ಬಟ್ಟೆ ಹರಿದ ಸದ್ದು ಬಂತು. ಓಡಿಹೋಗಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಟ್ಯಾಂಕಿನ ಗಾಳಿ ಇಳಿದಾಗ ಮೋಟರು ತಾನಾಗಿಯೇ ಶುರುವಾಗುವುದು ಅದರ ಗುಣ. ಅದು ಶುರುವಾದ ಹೊತ್ತಿಗೆ ಬಗ್ಗಿ ನೂಲು ಎತ್ತಿಕೊಳ್ಳುತ್ತಿದ್ದ ಅಂಜನಮ್ಮನವರ ಸೆರಗು ಬೆಲ್ಟಿಗೆ ಸಿಕ್ಕಿತ್ತು. ಬೆಲ್ಟಿಗೆ ಮುಚ್ಚಿದ್ದ ಜಾಲರಿ ಮೂರು ವರ್ಷದ ಹಿಂದೆ ಬಿಚ್ಚಿದ್ದು ಅಟ್ಟ ಸೇರಿತ್ತು. ಸೆರಗಿನ ಅರ್ಧ ಗಜ ಗಾಲಿಗೆ ಸುತ್ತಿಕೊಂಡು ಇನ್ನೂ ಗಿರಗಿರ ತಿರುಗುತ್ತಿತ್ತು.

ಅರುಣಾ ಸ್ವಿಚ್ ಆರಿಸಿದಳು.

"ಏನೂ ಆಗಿಲ್ಲ ಬಿಡು," ಎಂದರು ಅಂಜನಮ್ಮ. "ಹಳೇ ಹತ್ತಿ ಸೀರೆ. ಒಗೆದು ಒಗೆದು ಪುಡಿಯಾಗಿತ್ತು, ಹರೀತು. ನಮ್ಮ ಮಗ್ಗದ ಸೀರೆ ಉಟ್ಟಿದ್ದಿದ್ರೆ ಹರೀತಾ ಇತ್ತಾ? ನನ್ನನ್ನೇ ಎಳ್ಕೊಂಡು ಹೋಗ್ತಿತ್ತು."

ಅಂದು ಅರುಣಾ ಆ ಹರಕು ಸೀರೆಯನ್ನು ತೊಳೆದು, ಮಡಚಿ, ದೇವರ ಗೂಡಿನ ಕೆಳಗಿಟ್ಟಳು. ಊಟಕ್ಕೆ ಕೂತಾಗ ಬಸ್ಸಾರು ಬಡಿಸುತ್ತಲೇ ಮಾತು ತೆಗೆದಳು.

"ಮಾವ, ಅದನ್ನ ಈ ವಾರವೇ ಆಚೆ ಇಡಿಸಿ."

"ಇಡಿಸೋಣ. ದಸರಾ ಆರ್ಡರು ನಲವತ್ತು ಸೀರೆ ಇದೆ. ಕರೆಂಟ್ ಇದ್ದಾಗ ನೇಯಬೇಕು, ಕರೆಂಟ್ ಹೋದಾಗ ಬೆನ್ನು ನೆಟ್ಟಗೆ ಮಾಡ್ಕೋಬೇಕು. ಯಾವಾಗ ಇಡಿಸಲಿ?" ಎಂದರು ಕೋದಂಡರಾಮಯ್ಯ.

"ಅತ್ತೆ ಸೆರಗು ಸಿಕ್ಕಿದ್ದು ಇವತ್ತು. ನಾಳೆ ಕೈ ಸಿಕ್ರೆ?"

"ಹನ್ನೊಂದು ವರ್ಷದಿಂದ ಸಿಗದೇ ಇರೋದು ನಾಳೆ ಸಿಗುತ್ತೇನಮ್ಮ? ಜಾಲರಿ ಹಾಕಿಸ್ತೀನಿ ಬಿಡು."

"ಹಬ್ಬಕ್ಕಾ?" ಎಂದಳು ಮೇಘನ, ತಟ್ಟೆಯಿಂದ ತಲೆ ಎತ್ತದೆ. ಬಿ.ಕಾಂ ಕೊನೆಯ ವರ್ಷದವಳು, ನಾಲಿಗೆ ಅಜ್ಜಿಯದು.

ಆ ಹೊತ್ತಿಗೆ ಅರುಣಾಳ ಗಂಡ ರವಿಚಂದ್ರ ಮಗ್ಗದ ಮನೆಯಿಂದ ಬಂದ. ಊಟಕ್ಕೆ ಮುಂಚೆ ಅಂಗಿಯ ಮೇಲಿನ ಧೂಳನ್ನು ಗನ್ನಿನಿಂದ ಊದಿಕೊಂಡು ಬರುವುದು ಅವನ ಪದ್ಧತಿ. ತಲೆಗೂದಲಿಗೂ ಒಂದು ಸಲ ಬಿಟ್ಟುಕೊಳ್ಳುವನು.

"ಮತ್ತೆ ಮೈಮೇಲೆ ಬಿಟ್ಕೊಂಡ್ಯಾ?" ಎಂದರು ಅಂಜನಮ್ಮ. "ಜೀವ ಇರೋದರ ಮೇಲೆ ಬಿಡಬಾರ್ದು ಅಂತ ಎಷ್ಟು ಸಲ ಹೇಳಿದೀನಿ?"

"ಅಮ್ಮ, ಅದು ಕಥೆ ಕಣಮ್ಮ."

"ಕಥೆನೇ. ಕಿವಿ ತಮಟೆ ಒಡೆದ್ರೆ ಅದನ್ನೂ ಕೇಳೋಕಾಗಲ್ಲ ನಿಂಗೆ."

ಮೇಘನ ನಕ್ಕಳು, ರವಿಚಂದ್ರನೂ ನಕ್ಕ. ಅರುಣಾ ನಗಲಿಲ್ಲ. ಮರುದಿನದಿಂದ ಅವಳು ಮಾವನಿಗೆ ಊಟ ಬಡಿಸುವಳು, ಮಾತು ಬಡಿಸಳು. ಕಾಫಿ ಲೋಟ ಮಗ್ಗದ ಪಕ್ಕದ ಮೊಳೆಪೆಟ್ಟಿಗೆಯ ಮೇಲೆ ಬಂದು ಕೂರುವುದು, ತಂದವಳು ಆಗಲೇ ಹಿಂದಿರುಗಿರುವಳು. ಕೋದಂಡರಾಮಯ್ಯನವರು ಜಾಲರಿಯನ್ನೇನೋ ಅಟ್ಟದಿಂದ ಇಳಿಸಿ, ತಾವೇ ಎರಡು ಬೋಲ್ಟು ಹಾಕಿ ಬಿಗಿದರು. ಆಮೇಲೆ ಸೊಸೆಯತ್ತ ನೋಡಿದರು. ಅವಳು ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. ರವಿಚಂದ್ರನಿಗೆ ಇಬ್ಬರ ನಡುವೆ ಟಪಾಲು ಸಾಗಿಸುವ ಕೆಲಸ ಬಿತ್ತು.

"ಕೇಳಿ ನಿಮ್ಮಪ್ಪನ್ನ, ಸಂಜೆಗೆ ಉಪ್ಪಿಟ್ಟು ಆಗುತ್ತಾ ಅಂತ."

"ಅಪ್ಪ ಇಲ್ಲೇ ಕೂತವ್ರಲ್ಲೇ."

"ಅದಕ್ಕೇ ಕೇಳಿ ಅಂದಿದ್ದು."

ಹೀಗೆ ಎರಡು ವಾರ ಕಳೆಯಿತು. ಮೂರನೆಯ ವಾರ ಕಂಪ್ರೆಸರು ಸುಯ್ ಎನ್ನಲು ಶುರುಮಾಡಿತು. ಟ್ಯಾಂಕಿನ ಮೇಲೆ ಹಿತ್ತಾಳೆಯ ಒಂದು ಸಣ್ಣ ವಾಲ್ವು ಇತ್ತು, ನಡುವೆ ಹೆಬ್ಬೆರಳಿನಷ್ಟು ಕಡ್ಡಿ. ಆ ಕಡ್ಡಿ ಮೇಲೆದ್ದು ಗಾಳಿ ಹೊರಗೆ ನುಗ್ಗುವುದು, ಸ್ವಲ್ಪ ಹೊತ್ತಿಗೆ ತಾನೇ ಕೂರುವುದು, ಮತ್ತೆ ಏಳುವುದು. ಅಂಜನಮ್ಮನವರ ಮಧ್ಯಾಹ್ನದ ತೂಕಡಿಕೆ ಕೆಟ್ಟಿತು. ಮಗ್ಗದ ಸದ್ದಿನಲ್ಲಿ ಹುಟ್ಟಿ ಮಗ್ಗದ ಸದ್ದಿನಲ್ಲೇ ನಿದ್ದೆ ಕಲಿತವರಿಗೆ ಈ ಸುಯ್ ಮಾತ್ರ ಹಾವು ಬುಸುಗುಟ್ಟಿದಂತೆ ಕೇಳುತ್ತಿತ್ತು.

"ಅಪ್ಪಯ್ಯಣ್ಣನ್ನ ಕರೆಸು," ಎಂದರು ಕೋದಂಡರಾಮಯ್ಯ ಮಗನಿಗೆ. ಅಪ್ಪಯ್ಯಣ್ಣ ಹೊಸಕೋಟೆಯಲ್ಲಿ ಯಾರದೋ ಹೊಸ ಮಗ್ಗ ಕೂರಿಸುತ್ತಿದ್ದ. ಬರುವುದು ಹತ್ತು ದಿನವಾದೀತು ಎಂದ.

ಒಂದು ಮಧ್ಯಾಹ್ನ ಅತ್ತೆ ಮೂರು ಸಲ ಬೆಚ್ಚಿ ಎದ್ದದ್ದನ್ನು ಅರುಣಾ ನೋಡಿದಳು. ರವಿಚಂದ್ರ ಸೀರೆ ಕೊಡಲು ಹೋಗಿದ್ದ, ಮಾವ ಮುಂದಿನ ಮಗ್ಗದಲ್ಲಿದ್ದರು. ನೇಕಾರರ ಮನೆಯಲ್ಲಿ ಸಡಿಲವಾದದ್ದಕ್ಕೆಲ್ಲ ಒಂದೇ ಮದ್ದು, ಗಂಟು. ಎಳೆ ತುಂಡಾದರೆ ಗಂಟು, ಕುರ್ಚಿಯ ಕಾಲು ಅಲ್ಲಾಡಿದರೆ ಗಂಟು, ನಲ್ಲಿ ಸೋರಿದರೂ ಗಂಟು. ಅರುಣಾ ಸೀರೆಗೆ ಹೂಬಳ್ಳಿ ಎತ್ತುವ ಜಕಾರ್ಡಿಗೆ ಬಳಸುವ ಗಟ್ಟಿ ಹುರಿಯನ್ನು ಒಂದು ಮೊಳ ಕತ್ತರಿಸಿದಳು. ಮೋಟರು ನಿಂತಿದ್ದ ಹೊತ್ತು ನೋಡಿ, ಆ ಕಡ್ಡಿಯನ್ನು ಒತ್ತಿ ಹಿಡಿದು, ಏಳು ಸುತ್ತು ಸುತ್ತಿ, ನೇಕಾರರ ಗಂಟು ಹಾಕಿದಳು. ಎಳೆ ಹರಿದೀತು, ಆ ಗಂಟು ಬಿಚ್ಚದು.

ಸುಯ್ ನಿಂತಿತು. ಅತ್ತೆ ಆ ದಿನ ಎರಡು ತಾಸು ಮಲಗಿದರು. ಏಳುತ್ತಲೇ, "ರಾಕ್ಷಸ ಸುಮ್ಮನಾಗಿಬಿಟ್ನಲ್ಲ," ಎಂದರು. ಅರುಣಾಳಿಗೆ ಹೆಮ್ಮೆಯಾಯಿತು. ಯಾರಿಗೂ ಹೇಳಲಿಲ್ಲ. ಮಾತು ಬಿಟ್ಟವರ ಮುಂದೆ ಹೇಳಿಕೊಳ್ಳುವುದೇನು?

ಎಂಟನೆಯ ದಿನ ಮಧ್ಯಾಹ್ನ ಮೇಘನ ಕಾಲೇಜಿನಿಂದ ಬಂದವಳು ಓಣಿಯಲ್ಲೇ ನಿಂತಳು.

"ಅಮ್ಮ, ಬಾ ಇಲ್ಲಿ. ಈ ಮುಳ್ಳು ಕೆಂಪು ಗೆರೆ ದಾಟಿ ಹೋಗಿದೆ."

ಅರುಣಾ ಬಂದು ನೋಡಿದಳು. ಯಾವಾಗಲೂ ಎಂಟರ ಹತ್ತಿರ ಮೋಟರು ನಿಲ್ಲುತ್ತಿತ್ತು. ಈಗ ಮುಳ್ಳು ಹನ್ನೆರಡರ ಆಚೆಗಿತ್ತು, ಮೋಟರು ಇನ್ನೂ ತಿರುಗುತ್ತಿತ್ತು. ಅದರ ದನಿ ಭಾರ ಹೊತ್ತವನ ನರಳಿಕೆಯಂತಿತ್ತು. ಒಂದು ಮೊಳ ದೂರದಲ್ಲಿ ಅತ್ತೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಅರುಣಾಳ ಕಣ್ಣು ಮುಳ್ಳಿನಿಂದ ತನ್ನ ಗಂಟಿಗೆ ಹೋಯಿತು. ಬಾಯಿ ಕಟ್ಟಬಾರ್ದು. ಹನ್ನೊಂದು ವರ್ಷ ಅಡುಗೆಮನೆಯಿಂದ ಕೇಳಿದ ಮಾತು ಆಗ ಕಿವಿಗೆ ಬಿತ್ತು.

ಮೇನ್ ಸ್ವಿಚ್ ಆರಿಸಿದಳು. "ಅತ್ತೆ, ಏಳಿ. ಕೇಳಬೇಡಿ, ಏಳಿ," ಎಂದು ರಟ್ಟೆ ಹಿಡಿದು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದಳು. ಮೇಘನ ಅಪ್ಪಯ್ಯಣ್ಣನಿಗೆ ಫೋನು ಹಚ್ಚಿದಳು. ಅವನ ದನಿ ಅಷ್ಟು ದೂರಕ್ಕೂ ಕೇಳಿಸಿತು.

"ಯಾರೂ ಟ್ಯಾಂಕ್ ಹತ್ರ ಹೋಗಬೇಡಿ. ವಾಲ್ವು ಮುಟ್ಟಬೇಡಿ, ಸ್ಪ್ಯಾನರ್ ಹಾಕಬೇಡಿ. ಪೈಪಿನ ಆ ಕಡೆ ತುದೀಲಿ ಗನ್ ಇದೆಯಲ್ಲ, ಮಗ್ಗದ ಮನೇಲಿ? ಅಲ್ಲಿ ನಿಂತು ನಿಧಾನಕ್ಕೆ ಒತ್ತಿ, ಗಾಳಿ ಪೂರಾ ಹೋಗೋವರೆಗೆ. ನಾನು ಹೊರಟೆ."

ಮಗ್ಗಗಳೂ ನಿಂತಿದ್ದವು. ಆ ಅಪರೂಪದ ನಿಶ್ಶಬ್ದದಲ್ಲಿ ರವಿಚಂದ್ರ ಮುಂಬಾಗಿಲ ಬಳಿ ನಿಂತು ಗನ್ನನ್ನು ಬೀದಿಯ ಆಕಾಶಕ್ಕೆ ಹಿಡಿದು ಒತ್ತಿದ. ಬಹಳ ಹೊತ್ತು ಗಾಳಿ ಹೋಯಿತು. ಹೋಗುತ್ತಲೇ ಇತ್ತು. ಹಿತ್ತಲಲ್ಲಿ ಅರುಣಾ ಅತ್ತೆಯ ಕೈ ಬಿಡಲಿಲ್ಲ. "ನೋವಾಗ್ತಿದೆ ಕಣೇ," ಎಂದರು ಅಂಜನಮ್ಮ. ಆಗಲೂ ಬಿಡಲಿಲ್ಲ.

ಸಂಜೆಗೆ ಅಪ್ಪಯ್ಯಣ್ಣ ಬಂದ. ಮುಳ್ಳು ಸೊನ್ನೆಗೆ ಇಳಿದದ್ದನ್ನು ನೋಡಿಕೊಂಡು ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲ್ಲರೂ ಸುತ್ತ ನಿಂತರು. ಅರುಣಾಳ ಕೈಯಲ್ಲಿ ಅವನಿಗೆಂದು ತಂದ ಕಾಫಿ ಇತ್ತು.

"ಸೇಫ್ಟಿ ವಾಲ್ವಿಗೆ ಹುರಿ ಕಟ್ಟಿದ್ದು ಯಾರು?" ಎಂದ.

ಕೋದಂಡರಾಮಯ್ಯನವರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಗಂಟನ್ನು ಉಗುರಿನಿಂದ ಒಂದು ಸಲ ಮುಟ್ಟಿದರು, ನೆಟ್ಟಗಾದರು.

"ನಾನೇ ಕಟ್ಟಿದ್ದು," ಎಂದರು.

"ಯಜಮಾನ್ರೇ, ಎಪ್ಪತ್ತೆರಡಾಯ್ತಲ್ಲ ನಿಮಗೆ? ಅದು ಸೋರಿದ್ದಲ್ಲ, ಕೂಗಿದ್ದು. ಈ ಆಟೋಮ್ಯಾಟಿಕ್ ಸ್ವಿಚ್ಚಿನ ಪಾಯಿಂಟು ಸುಟ್ಟಿದೆ, ಇಷ್ಟು ದಿನ ಆಗಾಗ ಅಂಟಿ ಬಿಡ್ತಿದ್ದದ್ದು ಇವತ್ತು ಪೂರಾ ಅಂಟಿಕೊಂಡಿದೆ, ಎಂಟಕ್ಕೆ ಮೋಟರ್ ನಿಲ್ಲಿಸಬೇಕಾದ್ದು ನಿಲ್ಲಿಸ್ತಾ ಇಲ್ಲ. ಹೆಚ್ಚಾದ ಗಾಳೀನ ಈ ವಾಲ್ವು ಆಚೆ ಬಿಟ್ಟು ನಿಮ್ಮ ಮನೆ ಕಾಯ್ತಾ ಇತ್ತು. ಕಾಯೋನ ಬಾಯಿಗೇ ಗಂಟು ಹಾಕಿದ್ರಲ್ಲ. ಟ್ಯಾಂಕ್ ಸಿಡಿದಿದ್ರೆ ಈ ಗೋಡೆ ಇರ್ತಿರಲಿಲ್ಲ. ಇಲ್ಲಿ ಕೂರೋರು ಅಮ್ಮ ತಾನೇ?"

ಬೀದಿಯ ಹಿರಿಯ, ಎಳೆಯರ ಜಗಳ ಬಿಡಿಸುವವರು, ತಮ್ಮ ಅರ್ಧ ವಯಸ್ಸಿನವನ ಮುಂದೆ ತಲೆ ಬಗ್ಗಿಸಿ ನಿಂತರು. "ತಪ್ಪಾಯ್ತಪ್ಪ," ಎಂದರು. ಅರುಣಾಳ ಕೈಯ ಕಾಫಿ ಕೆನೆಗಟ್ಟಿತು.

ಅಪ್ಪಯ್ಯಣ್ಣ ಟ್ಯಾಂಕಿನ ಅಡಿಯ ಸಣ್ಣ ನಲ್ಲಿಗೆ ಕೈ ಹಾಕಿದ. "ಗಾಳಿ ಹಿಂಡಿದಾಗ ಒಳಗೆ ನೀರು ಕೂರುತ್ತೆ. ದಿನಾ ಬಿಡದೇ ಇದ್ರೆ ಒಳಗಿಂದ ತುಕ್ಕು ತಿನ್ನುತ್ತೆ. ಹನ್ನೊಂದು ವರ್ಷದ ಟ್ಯಾಂಕು, ಈಗ ನೋಡಿ, ಕೆಸರು ಬರುತ್ತೆ," ಎಂದು ತಿರುಗಿಸಿದ. ಒಂದು ಚಮಚದಷ್ಟು ತಿಳಿನೀರು ಬಂದು ನಿಂತಿತು. ಅವನು ಬೆರಳಿಗೆ ಹಚ್ಚಿ ನೋಡಿದ, ಮೇಲೆ ನೋಡಿದ.

"ಯಾರಿದನ್ನ ದಿನಾ ಬಿಡ್ತಿರೋದು?"

"ನಾನು," ಎಂದರು ಅಂಜನಮ್ಮ. "ದೀಪ ಹಚ್ಚೋಕೆ ಮುಂಚೆ ಸ್ವಿಚ್ ಆರಿಸಿ, ಕೆಳಗೆ ಒಂದು ಚೊಂಬು ಇಟ್ಟು, ಮೆಲ್ಲಗೆ ತಿರುಗಿಸ್ತೀನಿ. ಅತ್ತು ಹಗುರಾಗಲಿ ಪಾಪ ಅಂತ. ಒಂದು ದಿನ ತಪ್ಪಿಸಿಲ್ಲ."

"ನಿಮಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ನೀನೇ ಅಲ್ವೇನೋ. ಇದನ್ನ ಇಳಿಸಿದ ದಿನ ಇಲ್ಲೇ ನಿಂತು ಹೇಳಿದ್ಯಲ್ಲ. ಆ ವಾಲ್ವು ಕಟ್ಟಬೇಡಿ, ದಿನಾ ನೀರು ಬಿಡಿ, ಮೈಮೇಲೆ ಗಾಳಿ ಬಿಟ್ಕೋಬೇಡಿ ಅಂತ. ಇವರೆಲ್ಲ ಹೂಂ ಹೂಂ ಅಂದ್ರು. ನನಗೆ ಓದು ಬರಹ ಬರಲ್ಲ, ಮರೆತೋಗುತ್ತೆ ಅಂತ ಮೇಘನಂಗೆ ಕಥೆ ಮಾಡಿ ಹೇಳಿದೆ. ಹೇಳ್ತಾ ಹೇಳ್ತಾ ನಂಗೂ ಉಳ್ಕೊಂತು."

ಅಪ್ಪಯ್ಯಣ್ಣ ನಲ್ಲಿಯನ್ನು ಮೆಲ್ಲಗೆ ಮುಚ್ಚಿದ. "ಒಳಗೆ ತುಕ್ಕು ತಿಂದಿದ್ದಿದ್ರೆ ಇವತ್ತಿನ ಪ್ರೆಷರಿಗೆ ಈ ಟ್ಯಾಂಕು ತಡೀತಿರಲಿಲ್ಲ ಯಜಮಾನ್ರೇ," ಎಂದ. "ಯಾರಿಗಾದ್ರೂ ಕೈಮುಗಿಯೋದಿದ್ರೆ ಅಮ್ಮಂಗೆ ಮುಗೀರಿ."

ಅವನು ಟ್ಯಾಂಕನ್ನು ಪರೀಕ್ಷೆಗೆಂದು ಗಾಡಿಗೆ ಹಾಕಿಕೊಂಡು ಹೋದ. ನೀರು ತುಂಬಿ, ಒತ್ತಡ ಕೊಟ್ಟು ನೋಡಿ, ಸರಿಯಿದ್ದರೆ ಮಾತ್ರ ಹೊಸ ವಾಲ್ವು, ಹೊಸ ಸ್ವಿಚ್ಚು ಹಾಕುವುದು, ಇಲ್ಲದಿದ್ದರೆ ಗುಜರಿಗೆ ಎಂದ.

ಆ ಸಂಜೆ ಹುರುಳಿಕಾಳಿನ ಸಾರು. ಅರುಣಾ ಎಲ್ಲರಿಗೂ ಬಡಿಸಿದಳು, ಮಾವನ ತಟ್ಟೆಗೆ ತುಪ್ಪ ಹಾಕಿದಳು, ಮಿಳ್ಳೆಯನ್ನು ಕೆಳಗಿಡದೆ ಹಾಗೇ ಹಿಡಿದು ನಿಂತಳು.

"ಮಾವ, ಆ ಗಂಟು ನಂದು."

ಮೂರು ವಾರದ ಮೇಲೆ ಅವಳು ಮಾವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ರವಿಚಂದ್ರನ ಕೈಯ ತುತ್ತು ನಿಂತಿತು.

"ಗೊತ್ತು ಕೂತ್ಕೋ," ಎಂದರು ಕೋದಂಡರಾಮಯ್ಯ. "ಗಂಟಿನ ಬಾಲ ಎಡಕ್ಕೆ ಬಿಡೋದು ಈ ಮನೇಲಿ ನೀನೊಬ್ಬಳೇ."

ಅರುಣಾ ಎಡಗೈಯವಳು. ರಾಜಘಟ್ಟದ ಬೇಸಾಯದ ಮನೆಯಿಂದ ಸೊಸೆಯಾಗಿ ಬಂದಾಗ ರೇಷ್ಮೆ ಎಳೆ ಕೈಗೆ ನಿಲ್ಲುತ್ತಿರಲಿಲ್ಲ. ಬಲಗೈಯವರು ಹೇಳಿಕೊಟ್ಟದ್ದು ಅವಳಿಗೆ ತಿರುಗುಮುರುಗಾಗುತ್ತಿತ್ತು. ಆಗ ಈ ಮಾವನೇ ಅವಳ ಎದುರಿಗೆ ಕನ್ನಡಿಯಂತೆ ಕೂತು, 'ನನ್ನ ಕೈ ನೋಡ್ತಾ ಮಾಡಮ್ಮ, ನಿಂಗೆ ಸರಿಯಾಗುತ್ತೆ' ಎಂದು ಒಂದು ತಿಂಗಳು ಗಂಟು ಕಲಿಸಿದ್ದರು.

"ಮತ್ತೆ ಯಾಕೆ ನೀವು..."

"ಸುಳ್ಳೇನಿಲ್ಲ ಅದರಲ್ಲಿ. ಕಲಿಸಿದೋನು ನಾನು. ಕಂಪ್ರೆಸರನ್ನ ಆಗಲೇ ಆಚೆ ಇಟ್ಟಿದ್ದಿದ್ರೆ ನಿಮ್ಮತ್ತೆ ನಿದ್ದೆ ಕೆಡ್ತಿರಲಿಲ್ಲ, ನೀನು ಕಟ್ಟೋ ಪ್ರಮೇಯ ಬರ್ತಿರಲಿಲ್ಲ. ನೀನು ಹೇಳಿದೆ, ನಾನು ದಸರಾ ಅಂದೆ. ಅವನು ಬೈದಿದ್ದು ಸರಿಯಾದೋನಿಗೇ." ಸಾರು ಕಲೆಸಿದರು. "ನೀನು ಇವತ್ತು ಅವಳನ್ನ ಎಬ್ಬಿಸಿ ಕರ್ಕೊಂಡು ಹೋದ್ಯಲ್ಲ, ಅಷ್ಟು ಸಾಕು ನನಗೆ. ಕೂತ್ಕೊಂಡು ಊಟ ಮಾಡು."

ಅರುಣಾ ಕೂತಳು. ಪಕ್ಕದಲ್ಲಿದ್ದ ಅಂಜನಮ್ಮ ಅವಳ ತಟ್ಟೆಗೊಂದು ಹಪ್ಪಳ ಹಾಕಿ, "ಉಪ್ಪು ಸರಿಯಾಗಿದೆ ಇವತ್ತು," ಎಂದರು.

ಟ್ಯಾಂಕು ಪರೀಕ್ಷೆಯಲ್ಲಿ ಪಾಸಾಯಿತು. ಅದು ಬರುವವರೆಗಿನ ನಾಲ್ಕು ದಿನ ಎಲ್ಲರೂ ಕುಂಚ ಹಿಡಿದು ಮಗ್ಗದ ಧೂಳು ಗುಡಿಸಿದರು. ಮೇಘನ ಸೀನುತ್ತಲೇ ಗುಡಿಸಿದಳು. ರವಿಚಂದ್ರ ಊಟಕ್ಕೆ ಮುಂಚೆ ಅಂಗಿ ಬಿಚ್ಚಿ ಹಿತ್ತಲಲ್ಲಿ ಕೊಡವಿ ಬಂದ. ಅಂಜನಮ್ಮ ನೋಡಿ, "ಕಿವಿ ಇದೆಯಾ?" ಎಂದರು. "ಇದೆ ಅಮ್ಮ," ಎಂದ.

ಮಂಗಳವಾರ ಲೈನು ರಿಪೇರಿಗೆಂದು ಬೆಳಗ್ಗೆಯಿಂದ ಐದರವರೆಗೆ ಕರೆಂಟ್ ಇಲ್ಲ ಎಂದು ಮೊದಲೇ ತಿಳಿಸಿದ್ದರು. ಇಡೀ ಬೀದಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಗ ಕೋದಂಡರಾಮಯ್ಯನವರು ಪಂಚೆ ಮೇಲೆ ಕಟ್ಟಿ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದರು. ನಾಲ್ಕು ಕಂಬ ನಿಂತವು. ಶೀಟು ಏರಿತು. ಗಾಳಿಯಾಡಲು ಮೂರು ಕಡೆ ಬಿಟ್ಟು, ಮಳೆ ಹೊಡೆಯುವ ಕಡೆಗೆ ಮಾತ್ರ ಮರೆ ಕಟ್ಟಿದರು. ನೆಲಕ್ಕೆ ಕಲ್ಲು ಹಾಸಿ, ಅದರ ಮೇಲೆ ಹಳೆಯ ಟೈರಿನ ತುಂಡು ಇಟ್ಟು, ಅಪ್ಪಯ್ಯಣ್ಣ, ರವಿಚಂದ್ರ ಇಬ್ಬರೂ ಕಂಪ್ರೆಸರನ್ನು ಹೊತ್ತು ತಂದು ಕೂರಿಸಿದರು. ಬೆಲ್ಟಿನ ಜಾಲರಿಗೆ ನಾಲ್ಕೂ ಬೋಲ್ಟು ಬಿದ್ದವು. ಎಣ್ಣೆ ಬದಲಾಯಿತು, ಗಾಳಿ ಎಳೆಯುವ ಕಡೆಯ ಫಿಲ್ಟರಿನಿಂದ ಇಲಿಮರಿಯಷ್ಟು ಧೂಳು ಬಂತು. ಅರುಣಾ ಎಲ್ಲರಿಗೂ ಚಿತ್ರಾನ್ನ ಮಾಡಿದಳು. ಮಾವನಿಗೆ ತಾನೇ ಕೊಟ್ಟು, "ಸಾಕಾ ಮಾವ, ಇನ್ನೊಂಚೂರು?" ಎಂದು ತಾನೇ ಕೇಳಿದಳು. ರವಿಚಂದ್ರನ ಟಪಾಲು ಕೆಲಸ ಹೋಯಿತು.

ಐದೂ ಹತ್ತಕ್ಕೆ ಕರೆಂಟ್ ಬಂತು. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಬಾಯಿ ಬಿಟ್ಟವು, ಈ ಮನೆಯವು ಮಾತ್ರ ಕಾದವು. ಎಲ್ಲರೂ ಹಿತ್ತಲಲ್ಲಿ ನಿಂತು ಮುಳ್ಳು ನೋಡುತ್ತಿದ್ದರು. ಐದು, ಆರು, ಏಳು. ಎಂಟಕ್ಕೆ ಟಕ್ ಎಂದು ಮೋಟರು ನಿಂತಿತು. ಅಪ್ಪಯ್ಯಣ್ಣ ಹೊಸ ವಾಲ್ವಿನ ಉಂಗುರವನ್ನು ಒಮ್ಮೆ ಎಳೆದು ಬಿಟ್ಟ. ಸುಯ್ ಎಂದು ಉಸಿರು ಬಂತು, ಕಡ್ಡಿ ಕೂತಿತು. "ತಿಂಗಳಿಗೊಂದು ಸಲ ಹೀಗೆ ಎಳೆದು ನೋಡಿ, ಬಾಯಿ ಬಿಡುತ್ತಾ ಅಂತ," ಎಂದ.

ಕೋದಂಡರಾಮಯ್ಯ ಕೈ ತೊಳೆದು ಒಳಗೆ ಬಂದರು. ಓಣಿಯಲ್ಲಿ, ಹನ್ನೊಂದು ವರ್ಷದ ಎಣ್ಣೆಯ ಕಲೆ ಉಳಿದ ಜಾಗದ ಪಕ್ಕ, ಅಂಜನಮ್ಮ ಚಾಪೆಯ ಮೇಲೆ ಕಾಲು ಚಾಚಿದ್ದರು.

"ಆಯ್ತು ಕಣೇ," ಎಂದರು.

"ಯಾವ ಹಬ್ಬ ಇವತ್ತು?"

"ಕರೆಂಟ್ ಇಲ್ಲದ ಹಬ್ಬ."

ಅಂಜನಮ್ಮ ನಕ್ಕರು. ಆಮೇಲೆ ಹಿತ್ತಲಿನ ಮೂರು ಮೆಟ್ಟಿಲನ್ನೂ ತಮ್ಮ ಮಂಡಿಯನ್ನೂ ನೋಡಿಕೊಂಡು, "ಇನ್ನು ಅವನನ್ನ ಅಳಿಸೋರು ಯಾರು?" ಎಂದರು.

ಅರುಣಾ ಆಗಲೇ ಚೊಂಬು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಸ್ವಿಚ್ ಆರಿಸಿ, ಚೊಂಬನ್ನು ಅಡಿಗಿಟ್ಟು, ಎಡಗೈಯಲ್ಲಿ ನಲ್ಲಿಯನ್ನು ಮೆಲ್ಲಗೆ ತಿರುಗಿಸಿದಳು. ಗಾಳಿಯ ಜೊತೆ ನಾಲ್ಕು ಹನಿ ಬಂದವು. ಒಳಗೆ ಮೇಘನ ಅಜ್ಜಿಯ ಮಡಿಲಿಗೆ ತಲೆಯಿಟ್ಟು, ಈ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೇಳುತ್ತಿದ್ದುದನ್ನೇ ಕೇಳುತ್ತಿದ್ದಳು.

"ಅಜ್ಜಿ, ಆಮೇಲೆ ಸೊಸೆ ಏನ್ ಮಾಡಿದ್ಲು?"

ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಯಿತು.

"ಸೊಸೆ ಅವನ ಬಾಯಿ ಬಿಚ್ಚಿದ್ಲು," ಎಂದರು ಅಂಜನಮ್ಮ, ಹಿತ್ತಲಿಗೂ ಕೇಳುವಂತೆ. "ಆಚೆ ಕೂರಿಸಿ, ದಿನಾ ಸಂಜೆ ಕಣ್ಣೊರೆಸ್ತಿದ್ಲು. ಅಷ್ಟೇ ಕಥೆ. ಹೋಗು, ದೀಪ ಹಚ್ಚು."